ಗೋಗಿಯಲ್ಲಿ ಸೀಸೆ ಗಟ್ಟಿಯಾದ ಮಧ್ಯಾಹ್ನ

ಇಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳದ ಸುದ್ದಿಯನ್ನು ನಾನು ಪತ್ರಿಕೆಗೆ ಬರೆದವನಲ್ಲ. ದೆವ್ವ, ಶಕುನ ಎಂದು ಬಂದವರಿಗೆ ಚಹಾ ಕುಡಿಸಿ ಕಳಿಸಿದ್ದೇನೆ. ಇದನ್ನು ಮಾತ್ರ ಕಣ್ಣಾರೆ ಕಂಡೆ. ನೀವು ನಂಬಲೇಬೇಕೆಂದಿಲ್ಲ.

ಗೆಳೆಯ ಮಲ್ಲಿಕಾರ್ಜುನ ಶಹಾಪುರದಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಎರಡು ಮೂರು ವಸ್ತುಗಳನ್ನು ಬೆರೆಸಿದರೆ ಆ ಮಿಶ್ರಣ ಎಷ್ಟು ತಣ್ಣಗಾದಾಗ ಗಟ್ಟಿಯಾಗುತ್ತದೆಂದು ಬರೀ ಲೆಕ್ಕದಿಂದ ಮೊದಲೇ ಹೇಳುವುದು ಅವನ ಸಂಶೋಧನೆ. ಉದಾಹರಣೆ ಅವನ ಮನೆಯಲ್ಲೇ ಇತ್ತು. ಹತ್ತಿರದ ಹಳ್ಳಿ ಗೋಗಿಯಲ್ಲಿ ಅವನ ತಾಯಿ ಸಂಗಮ್ಮ ಕರ್ಪೂರ, ಪುದೀನ ಹರಳು, ಅಜವಾನದ, ಅಂದರೆ ಓಮದ, ಹರಳುಗಳನ್ನು ಸೀಸೆಗೆ ಹಾಕಿ ಅಲುಗಾಡಿಸುತ್ತಿದ್ದರು. ಮೂರೂ ಗಟ್ಟಿ; ಸೇರಿದರೆ ಬೆಂಕಿಯಿಲ್ಲದೆ ನೀರಾಗುತ್ತವೆ. ಹೊಟ್ಟೆನೋವಿಗೆ, ಗ್ಯಾಸಿಗೆ ಓಣಿಗೆಲ್ಲ ಅದರ ನಾಲ್ಕು ಹನಿಯೇ ಔಷಧ.

ಆ ಮೇ ತಿಂಗಳ ಮಧ್ಯಾಹ್ನ ಅವನ ಕೆಲಸದ ಬಗ್ಗೆ ಬರೆಯಲೆಂದು ಗೋಗಿಯ ಮನೆಗೆ ಹೋಗಿದ್ದೆ. ಸಂಗಮ್ಮನಿಗೆ ಬೆಳಿಗ್ಗೆಯಿಂದ ಎದೆ ಹಿಡಿದಿತ್ತು. ಗ್ಯಾಸೆಂದು ಅವರೂ ಅಂದರು, ಮಗನೂ ಅಂದ, ನಾನೂ ತಲೆಯಾಡಿಸಿದೆ. ಬಿಸಿಲು ಇಳಿದ ಮೇಲೆ ಶಹಾಪುರದ ದವಾಖಾನೆಗೆ ಹೋಗುವುದೆಂದಾಯಿತು. ಮಂಚದ ಮೇಲೆ ಕುಳಿತೇ ಅವರು ಹೊಸ ಸೀಸೆ ಬೆರೆಸಿದರು. ಹಾಕುವ ಮೊದಲು ಮಗ ಎಲ್ಲವನ್ನೂ ತೂಗಿಕೊಂಡ.

“ನೋಡ್ರಿ ಪೇಪರ್‌ನವ್ರ, ನನ್ನ ಕೈಯಾಗ ಇರೋದನ್ನ ಇವ ಆ ಪೆಟಗ್ಯಾಗ ಹುಡುಕ್ತಾನ,” ಎಂದು ಲ್ಯಾಪ್‌ಟಾಪ್ ತೋರಿಸಿ ನಕ್ಕರು.

ಫ್ರಿಜ್ಜಿನಲ್ಲಿಟ್ಟರೂ ಇದು ಗಟ್ಟಿಯಾಗದೆಂದು ಲೆಕ್ಕ ಹೇಳಿತು. ಕೋಣೆಯಲ್ಲಿ ನಲವತ್ತೊಂದು ಡಿಗ್ರಿ. ಅವರ ಅಂಗೈಯ ಸೀಸೆಯಲ್ಲಿ ಆಗಲೇ ನೀರಾಗಿದ್ದ ಔಷಧ, ನಾವು ನೋಡುತ್ತಿದ್ದಂತೆ, ತಳದಿಂದ ಬೆಳ್ಳಗಾಗುತ್ತ ಬಂದು ಕಲ್ಲಿನಂತೆ ಕಟ್ಟಿತು. ಬೋರಲು ಹಿಡಿದರೂ ಹನಿ ಬೀಳಲಿಲ್ಲ. ಅವರ ಕೈ ಮುಟ್ಟಿ ನೋಡಿದೆ, ಬೆಚ್ಚಗೇ ಇತ್ತು.

“ನನ್ನ ಜನ್ಮದಾಗ ಹಿಂಗ ಆಗಿಲ್ಲ ತಮ್ಮಾ. ಈಗೇ ದವಾಖಾನಿಗಿ ನಡಿ,” ಎಂದರು ಮಗನಿಗೆ.

“ಎರಡ ನಿಮಿಷ ತಡಿ ಯವ್ವಾ.”

ನಾವಿಬ್ಬರೂ ಸೀಸೆಯನ್ನು ಕಿಟಕಿಯ ಬಳಿಯ ಮೇಜಿಗೆ ಒಯ್ದೆವು. ಅವನು ತೂಕ ತಾಳೆ ನೋಡಿದ, ಮತ್ತೆ ಲೆಕ್ಕ ಹಾಕಿದ, ಉತ್ತರ ಬದಲಾಗಲಿಲ್ಲ. ನಾನು ಐದೈದು ನಿಮಿಷಕ್ಕೆ ಬರೆದುಕೊಂಡೆ: ಎರಡು ಹತ್ತು, ಗಟ್ಟಿ. ಎರಡು ಹದಿನೈದು, ಗಟ್ಟಿ. ಹಿಂದೆ ಮಂಚ ಒಮ್ಮೆ ಕಿರುಗುಟ್ಟಿತು. ನಾನು ತಿರುಗಲಿಲ್ಲ.

ತಿರುಗಿದಾಗ ಸಂಗಮ್ಮ ಗೋಡೆಗೊರಗಿದ್ದರು. ಕಣ್ಣುಗಳು ನಮ್ಮ ಕಡೆಗೇ ಇದ್ದವು. ಉಸಿರಿರಲಿಲ್ಲ.

ಮರುದಿನ ಮಣ್ಣು ಮಾಡಿ ಬಂದಾಗ ಮೇಜಿನ ಮೇಲಿದ್ದ ಸೀಸೆ ನೀರಾಗಿತ್ತು. ಯಾರೂ ಮುಟ್ಟಿರಲಿಲ್ಲ. ಅದೇ ಪೊಟ್ಟಣದ ಹರಳುಗಳನ್ನು ಅದೇ ತೂಕದಲ್ಲಿ ಮಲ್ಲಿಕಾರ್ಜುನ ಆಮೇಲೆ ಎಷ್ಟೋ ಸಲ ಬೆರೆಸಿದ. ಒಮ್ಮೆಯೂ ಗಟ್ಟಿಯಾಗಲಿಲ್ಲ. ಏಕೆಂದು ಅವನಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ.

ಆ ದಿನದ ಟಿಪ್ಪಣಿ ನನ್ನ ಬಳಿ ಇದೆ. ಎರಡು ನಲವತ್ತರವರೆಗೆ ಸೀಸೆಯ ಸ್ಥಿತಿ ಸಾಲಾಗಿ ದಾಖಲಾಗಿದೆ. ಸಂಗಮ್ಮ ಯಾವಾಗ ಹೋದರೆಂಬುದು ಅದರಲ್ಲಿಲ್ಲ.