ಟೆರಿಲಿನ್ ಅಂಗಿ ಮತ್ತು ಸುವಾರ್ತೆ

ಗೆಳೆಯರೇ, ಕಿಟಕಿ ಪಕ್ಕದ ಸೀಟು ಹಿಡಿದವನಿಗೆ ಓಡಿಹೋಗಲು ದಾರಿ ಇರುವುದಿಲ್ಲ ಎಂಬುದು ಇವತ್ತು ಚನ್ನಗಿರಿಯಲ್ಲಿ ಬಸ್ಸು ಹತ್ತಿದ ಮೇಲೆ ತಿಳಿಯಿತು. ಪಕ್ಕದಲ್ಲಿ ಕೂತವನು ಸುವಾರ್ತೆ ಸಾರುವವನು. ಚೀಲದಿಂದ ಪುಟ್ಟ ಪುಸ್ತಕ ತೆಗೆದು ಕೇಳಿದ.

“ಅಣ್ಣಾರೆ, ಸತ್ತ ಮೇಲೆ ಎಲ್ಲಿಗೆ ಹೋಗ್ತೀರಿ, ಗೊತ್ತೈತಾ?”

“ಸದ್ಯಕ್ಕೆ ತ್ಯಾವಣಿಗೆಗೆ ಹೊಂಟೀನಿ ಕಣ್ರೀ,” ಎಂದೆ. ಆತ ಬಿಡಲಿಲ್ಲ. ಯೇಸು ನನಗಾಗಿ ಪ್ರಾಣ ಕೊಟ್ಟ ಕತೆಯನ್ನು ಮೂರನೇ ಸಲ ಶುರು ಮಾಡಿದಾಗ ನನಗೆ ರೇಗಿಹೋಯಿತು.

“ನಾವು ಲಿಂಗವಂತರು ಕಣ್ರೀ! ನಮ್ಮ ದೇವರು ನಮ್ಮ ಎದೆ ಮೇಲೇ ಅದಾನೆ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಎದೆ ತಟ್ಟಿಕೊಂಡೆ.

ಅದೇ ತಪ್ಪಾಯಿತು. ಹಣೆತುಂಬ ವಿಭೂತಿ ಬಳಿದುಕೊಂಡಿದ್ದ ಮುಂದಿನ ಸೀಟಿನ ಅಜ್ಜಿ ತಿರುಗಿ, ನನ್ನ ತೆಳು ಟೆರಿಲಿನ್ ಅಂಗಿಯನ್ನೇ ದಿಟ್ಟಿಸಿದಳು.

“ಎಲ್ಲೈತಪ್ಪಾ ಲಿಂಗ? ಶಿವದಾರನೂ ಕಾಣ್ತಿಲ್ವಲ್ಲ?”

“ಮನೆಯಾಗೆ ಗೂಟಕ್ಕೆ ಹಾಕೀನಿ, ಅಜ್ಜಿ.”

“ಗೂಟಕ್ಕಾ? ಹಂಗಾದ್ರೆ ಲಿಂಗವಂತ ನೀನಲ್ಲ, ಆ ಗೂಟ!”

ಬಸ್ಸೆಲ್ಲ ನಕ್ಕಿತು. ಅಲ್ಲಿಂದ ಅಜ್ಜಿಯ ಉಪದೇಶ ಶುರುವಾಯಿತು. ಸುವಾರ್ತೆಯವನೇ ಪುಸ್ತಕ ಚೀಲಕ್ಕೆ ಹಾಕಿ, ಕೈಕಟ್ಟಿ ಕೇಳುತ್ತ ಕೂತ. ತನ್ನ ಊರು ಬಂದಾಗ ಎದ್ದು, ಕನಿಕರದಿಂದ ನನ್ನ ಕಿವಿಯಲ್ಲಿ ಹೇಳಿದ: “ನಾನಾದ್ರೆ ಇಷ್ಟೊತ್ತಿಗೆ ಬಿಟ್ಟುಬಿಡ್ತಿದ್ದೆ ಅಣ್ಣಾರೆ.”

ಅಜ್ಜಿ ಇಳಿಯುವುದೂ ತ್ಯಾವಣಿಗೆಯಲ್ಲೇ ಎಂದು ಆಮೇಲೆ ಗೊತ್ತಾಯಿತು. ದಾರಿಯುದ್ದಕ್ಕೂ ಕೇಳಿಸಿಕೊಂಡೆ. ಮನೆಗೆ ಬಂದವನೇ ಗಟ್ಟಿ ನಿರ್ಧಾರ ಮಾಡಿದ್ದೇನೆ: ನಾಳೆಯಿಂದ ದಪ್ಪ ಖಾದಿ ಅಂಗಿ.