ಎತ್ತಿನ ಕತ್ತು ನೋಡಿ ಹೇರಿದ ಲೋಡು

ನಮ್ಮ ಮನೆಗೆ ನಂಬರ್ ಪ್ಲೇಟ್ ಇತ್ತು. ಬಸ್ಸಿಳಿದು ಎರಡು ಸೂಟ್‌ಕೇಸು ಎಳೆದುಕೊಂಡು ಬಂದ ನನಗೆ ಹೆಂಡತಿ ಪುಷ್ಪ ಕೈ ತೋರಿಸಿ, "ಇದೇ ಕಣ್ರೀ ಮನೆ" ಅಂದಳು. ಅದರ ಹಿಂದೆ ಏನಾದರೂ ಕಟ್ಟಡ ಇದೆಯೇನೋ ಅಂತ ಬಗ್ಗಿ ನೋಡಿದೆ. ಹಿಂದೆ ಬರೀ ಬಯಲು. ಮುಂದಿದ್ದದ್ದು ಚಕ್ರದ ಮೇಲೆ ನಿಂತ ಒಂದು ಬಿಳಿ ಡಬ್ಬ. ಕಿಟಕಿಗೆ ಪರದೆ, ಬಾಗಿಲಿಗೆ ಒಂದೇ ಮೆಟ್ಟಿಲು. ಗಾಳಿ ಬೀಸಿದರೆ ಅಲ್ಲಾಡುತ್ತಿತ್ತು.

"ಯಾರಾದ್ರೂ ಕಾರಿಗೆ ಕಟ್ಕೊಂಡು ಹೊಂಟೋದ್ರೆ?" ಅಂದೆ.

"ಒಳಗೆ ನಾನಿದ್ದಾಗ ಹೋದ್ರೆ ನಿಮ್ಗೆ ಇನ್ನೊಂದು ಮದ್ವೆ. ಬನ್ನಿ, ಕಾಲು ತೊಳ್ಕೊಳಿ" ಅಂದಳು.

ಇಂಥದ್ದಕ್ಕೆ ಇಲ್ಲಿ ಕ್ಯಾರವಾನ್ ಅನ್ನುತ್ತಾರೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಒಳಗೆ ಮಂಚ, ಒಲೆ, ಫ್ರಿಜ್ಜು ಎಲ್ಲ ಇರುತ್ತದೆ. ನಾನಿರುವುದು ಆಸ್ಟ್ರೇಲಿಯಾದ ಒಳನಾಡಿನ ಒಂದು ಸಣ್ಣ ಊರಿನಲ್ಲಿ. ಪುಷ್ಪ ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅರಸೀಕೆರೆ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿ ಒಂದು ವರ್ಷಕ್ಕೆ ನಾನೂ ಹೊರಟೆ. ನಮ್ಮೂರ ಹೋಟೆಲಿನಲ್ಲಿ ಕೂತವರು ಕೇಳಿಸುವ ಹಾಗೇ ಅಂದರು: "ಹೆಂಡ್ತಿ ಸೆರಗು ಹಿಡ್ಕೊಂಡು ವಿಮಾನ ಹತ್ತಾವ್ನೆ ನೋಡ್ಲಾ." ಅದು ನಿಜವೇ. ನಾನು ಹತ್ತನೇ ಕ್ಲಾಸು ಪಾಸಾಗಿದ್ದು ಮೂವತ್ತೆರಡನೇ ವಯಸ್ಸಿನಲ್ಲಿ, ಅದೂ ಅವಳೇ ಕೂರಿಸಿಕೊಂಡು ಓದಿಸಿದ್ದರಿಂದ.

ಈ ಊರಿನಲ್ಲಿ ಬಾಡಿಗೆಗೆ ಮನೆಯೇ ಇರಲಿಲ್ಲ. ಅದಕ್ಕೇ ಕ್ಯಾರವಾನುಗಳನ್ನು ಸಾಲಾಗಿ ನಿಲ್ಲಿಸುವ ಈ ಕ್ಯಾಂಪಿನಲ್ಲಿ ಉಳಿದೆವು. ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಿದಾಗ ಚಾವಣಿಯ ಹೊಗೆ ಅಲಾರಾಂ ಕೂಗಿಕೊಂಡು, ಪಕ್ಕದವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದರು. ಆಮೇಲೆ ಒಗ್ಗರಣೆ ಎಲ್ಲ ಹೊರಗೇ. ರಾಗಿ ಹಿಟ್ಟು ಬೇಕೆಂದರೆ ಆರು ಗಂಟೆಯ ದಾರಿ. ನಮ್ಮ ಕಡೆ ಮನೆಯೊಳಗೆ ಜಾಗ ಸಾಲದೆ ಜನ ಜಗುಲಿಗೆ ಬರುತ್ತಾರೆ, ಜಗುಲಿಯಲ್ಲಿ ಕೂತವರನ್ನು ಹಾದಿಯಲ್ಲಿ ಹೋಗುವವರು "ಊಟ ಆಯ್ತಾ" ಅಂತ ಕೇಳುತ್ತಾರೆ. ಇಲ್ಲಿ ಎಲ್ಲರೂ ನಗುತ್ತಾರೆ, ಕೈ ಬೀಸುತ್ತಾರೆ, ಯಾರೂ ಕೇಳುವುದಿಲ್ಲ. ಪುಷ್ಪ ಡ್ಯೂಟಿಗೆ ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ದಿನಗಟ್ಟಲೆ ಮಾತಿಲ್ಲದೆ ಕಳೆದಿದ್ದೇನೆ.

ಆಮೇಲೆ ಆ ಕ್ಯಾಂಪಿನಲ್ಲೇ ನನಗೆ ರಿಪೇರಿ ಕೆಲಸ ಸಿಕ್ಕಿತು. ಊರಿನಲ್ಲಿ ನಾನು ಟ್ರ್ಯಾಕ್ಟರ್ ಟ್ರೈಲರಿಗೆ ವೆಲ್ಡಿಂಗ್ ಮಾಡುತ್ತಿದ್ದವನು. ಅದು ಇಲ್ಲಿ ಬಹಳಷ್ಟು ಸಲ ಕೈ ಹಿಡಿಯಿತು.

ಕೆನ್ ಅನ್ನುವವರಿಗೆ ಎಂಬತ್ತೊಂದು ವರ್ಷ. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಒಬ್ಬರೇ ಕ್ಯಾರವಾನ್ ಎಳೆದುಕೊಂಡು ವರ್ಷಪೂರ್ತಿ ಸುತ್ತುವ ಮನುಷ್ಯ. ಪ್ರತಿ ಚಳಿಗಾಲ ನಮ್ಮ ಕ್ಯಾಂಪಿಗೆ ಬಂದು ಎರಡು ತಿಂಗಳು ನಿಲ್ಲುತ್ತಿದ್ದರು. ಇಲ್ಲಿ ಎಷ್ಟು ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಏಳುತ್ತಿರಲಿಲ್ಲ. ಕೆನ್ ಸಾರ್ ಅಂತಿದ್ದೆ. ಅವರು ಪ್ರತಿಸಲವೂ ಹಿಂದೆ ತಿರುಗಿ, ಇನ್ಯಾರೋ ಬಂದಿದ್ದಾರೇನೋ ಅನ್ನುವಂತೆ ಹುಡುಕುತ್ತಿದ್ದರು.

ಒಂದು ಸಲ ಅವರ ಫ್ರಿಜ್ಜು ತಣ್ಣಗಾಗದೆ ಹೋಯಿತು. ಫ್ಯೂಸು, ಗ್ಯಾಸು ಎಲ್ಲ ಸರಿಯಿತ್ತು. ಹೊಸದು ತರಬೇಕು ಅಂತ ಯಾರೋ ಹೇಳಿಹೋಗಿದ್ದರು. ನಾನು ಸ್ಟೀಲ್ ತಟ್ಟೆಗೆ ನೀರು ಹಾಕಿ ಫ್ರಿಜ್ಜಿನ ಮುಂದೆ ಇಟ್ಟೆ. ನೀರು ಒಂದೇ ಮಗ್ಗುಲಿಗೆ ನಿಂತಿತು. ಗ್ಯಾಸಿನ ಫ್ರಿಜ್ಜು ಮಟ್ಟವಾಗಿ ನಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ತಗ್ಗಿನ ಕಡೆ ಚಕ್ರದ ಕೆಳಗೆ ಎರಡು ಹಲಗೆ ಕೊಟ್ಟೆ. ಮರುದಿನ ಬೆಣ್ಣೆ ಕಲ್ಲಾಗಿತ್ತು. ಕೆನ್ ಆ ಬೆಣ್ಣೆಯನ್ನು ತಟ್ಟೆಯಲ್ಲಿಟ್ಟುಕೊಂಡು ಕ್ಯಾಂಪೆಲ್ಲ ಸುತ್ತಿ ತೋರಿಸಿದರು. ಅಂದಿನಿಂದ ಪಂಪು ಎಳೆಯದಿದ್ದರೆ, ಚಾವಣಿ ಸೋರಿದರೆ, ಬ್ಯಾಟರಿ ಕುಳಿತರೆ, ಎಲ್ಲರೂ ನನ್ನನ್ನೇ ಕರೆಯತೊಡಗಿದರು.

ಸಾಯಂಕಾಲ ಕೆನ್ ಜೊತೆ ಟೀ. ನಿಮ್ಮ ಊರಿನ ಕಡೆ ಜನ ಏನು ನೋಡಲು ಬರುತ್ತಾರೆ ಅಂತ ಕೇಳಿದರು. ಹಳೇಬೀಡಿನ ಗುಡಿ, ಕೆರೆ, ಹುಲಿಕೆರೆಯ ಕಲ್ಯಾಣಿಯ ಫೋಟೋ ತೋರಿಸಿದೆ. ರಾತ್ರಿ ಎಲ್ಲಿ ತಂಗುತ್ತಾರೆ ಅಂದರು. ತಂಗುವುದಿಲ್ಲ, ಒಂದು ಗಂಟೆ ನೋಡಿ ಬೇಲೂರಿನ ಬಸ್ಸು ಹತ್ತುತ್ತಾರೆ ಅಂದೆ.

"ಅಷ್ಟು ಕೆತ್ತಿದವರಿಗೆ ಒಂದು ಗಂಟೆಯಾ? ಸಮುದ್ರದ ಮೇಲೆ ರಸ್ತೆ ಮಾಡಿಸು. ಇದನ್ನ ಎಳ್ಕೊಂಡು ಬಂದು ಆ ಕೆರೆ ಏರಿ ಮೇಲೆ ಒಂದು ತಿಂಗಳು ನಿಲ್ಲಿಸ್ತೀನಿ" ಅಂದರು.

ಹೋದ ವರ್ಷ ಹೊರಡುವ ದಿನ ಅವರಿಗೆ ಭುಜ ನೋಯುತ್ತಿತ್ತು. ಸಾಮಾನು ಒಳಗಿಡು, ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಅಂತ ನನಗೆ ಹೇಳಿ, ಪಕ್ಕದವರ ಕಾರಿನಲ್ಲಿ ಪೇಟೆಗೆ ಹೋದರು.

ನಮ್ಮಪ್ಪ ನಮ್ಮೂರು ಗಂಡಸಿಯಿಂದ ಅರಸೀಕೆರೆಗೆ ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದವನು. ಹೇರಿದ ಮೇಲೆ, ಎತ್ತು ಹೂಡುವ ಮೊದಲು ನನ್ನ ಕೈಲಿ ನೊಗ ಎತ್ತಿಸಿ ನೋಡುತ್ತಿದ್ದ. ಎರಡು ಬೆರಳಿಗೆ ನೊಗ ಎದ್ದರೆ ಲೋಡು ಸರಿ. ಏಳದಿದ್ದರೆ ಮುಂಭಾರ ಆಗಿದೆ, ದಾರಿಯುದ್ದಕ್ಕೂ ಎತ್ತಿನ ಕತ್ತಿನ ಮೇಲೆ ಕೂರುತ್ತದೆ, ಹುಣ್ಣಾಗುತ್ತದೆ. ಆಗ ಮೂಟೆಗಳನ್ನು ಹಿಂದಕ್ಕೆ ಸರಿಸಬೇಕು. "ನೀನು ಹೇರ್ತೀಯ, ಹೊರೋದು ಅದು. ಅದರ ಕತ್ತು ನೋಡಿ ಹೇರ್ಲಾ" ಅನ್ನುತ್ತಿದ್ದ. ಈ ಮಾತು ತಪ್ಪಿ ನಾನು ಯಾವ ಟ್ರೈಲರಿಗೂ ಒಂದು ಮೂಟೆ ಹಾಕಿದವನಲ್ಲ.

ಕೆನ್ ಅವರ ಕ್ಯಾರವಾನಿನಲ್ಲಿ ಜ್ಯಾಕು, ಟೂಲ್ ಬಾಕ್ಸು, ಎರಡು ಬ್ಯಾಟರಿ, ಡಬ್ಬದ ಊಟ ಎಲ್ಲ ಮುಂದೆಯೇ ಇತ್ತು. ಮುಂದಿನ ಕಬ್ಬಿಣದ ತೋಳು ಕಾರಿನ ಕೊಕ್ಕೆಯ ಮೇಲೆ ಕೂತು ಕಾರಿನ ಹಿಂಭಾಗ ಕುಸಿದಿತ್ತು. ನನ್ನ ಕಣ್ಣಿಗೆ ಅದು ಮಂಡಿಯೂರಿದ ಎತ್ತಿನ ಹಾಗೆ ಕಂಡಿತು. ಅಯ್ಯೋ ಅನ್ನಿಸಿತು. ಒಂದೊಂದೇ ಹೊತ್ತು ಹಿಂದುಗಡೆಯ ಮಂಚದ ಕೆಳಕ್ಕೆ ಸಾಗಿಸಿದೆ. ನೀರಿನ ಕ್ಯಾನುಗಳನ್ನೂ ಹಿಂದಕ್ಕೇ ಇಟ್ಟೆ. ಕೊಕ್ಕೆ ಬಿಚ್ಚಿ ನೋಡಿದರೆ ತೋಳು ಒಂದೇ ಕೈಗೆ ಎದ್ದಿತು. ಮತ್ತೆ ಕೊಕ್ಕೆಗೆ ಕೂರಿಸಿದರೂ ಕಾರು ನೆಟ್ಟಗೇ ನಿಂತಿತು. ಅಪ್ಪ ಇದ್ದಿದ್ದರೆ ಅಂದುಕೊಂಡೆ.

ಕೆನ್ ಹೊರಡುವ ಮುಂಚೆ ಯಾವಾಗಲೂ ಗಾಡಿಯ ಸುತ್ತ ಒಂದು ಸುತ್ತು ಬಂದು ಎಲ್ಲ ಮುಟ್ಟಿ ನೋಡುತ್ತಿದ್ದರು. ಅಂದು ಸುತ್ತು ಬರದೆ "ಎಲ್ಲ ಸರಿಯಾ?" ಅಂತ ಕೇಳಿದರು. "ಸರಿ ಸಾರ್" ಅಂದೆ. ನನ್ನ ಭುಜ ತಟ್ಟಿ ಕಾರು ಹತ್ತಿದರು.

ಮುಕ್ಕಾಲು ಗಂಟೆಯ ದಾರಿಯಲ್ಲಿ ಒಂದು ಇಳಿಜಾರು. ಎದುರಿನಿಂದ ದೊಡ್ಡ ಲಾರಿಯೊಂದು ಪಕ್ಕದಲ್ಲೇ ದಾಟಿಹೋಯಿತು. ಆ ಗಾಳಿಗೆ ಕ್ಯಾರವಾನಿನ ಬಾಲ ಬೀಸತೊಡಗಿತು. ಎಡಕ್ಕೆ, ಬಲಕ್ಕೆ, ಕೊನೆಗೆ ಕಾರನ್ನೂ ಎಳೆದುಕೊಂಡು ಹಳ್ಳಕ್ಕೆ ಬಿತ್ತು. ಕೆನ್ ಅವರ ಸೊಂಟದ ಮೂಳೆ ಮುರಿಯಿತು.

ಮುರಿದ ಕ್ಯಾರವಾನನ್ನು ತಂದು ನಮ್ಮ ಕ್ಯಾಂಪಿನ ಹಿಂದೆ ಇಳಿಸಿದರು. ಅದರೊಳಗಿಂದ ಅವರ ಬಟ್ಟೆಬರೆ ಆಯ್ದು ತೆಗೆಯುವಾಗ, ಕ್ಯಾರವಾನ್ ಬಳಸುವುದು ಹೇಗೆ ಅಂತ ಕಂಪನಿಯವರು ಕೊಡುವ ಪುಸ್ತಕ ಸಿಕ್ಕಿತು. ಅಂಥದ್ದೇ ಪುಸ್ತಕ ನನ್ನ ಕೆಲಸದ ಡ್ರಾಯರಿನಲ್ಲಿ ಒಂದು ವರ್ಷದಿಂದ ಇತ್ತು. ಇಂಗ್ಲಿಷು ನಿಧಾನ ಅಂತ ಬೇಕಾದ ಪುಟ ಮಾತ್ರ ಓದುತ್ತಿದ್ದೆ. ಅದರಲ್ಲಿ ಎರಡು ಚಿತ್ರ ಇದ್ದವು. ಭಾರ ಮುಂದಿರುವ ಗಾಡಿ ನೆಟ್ಟಗೆ ಹೋಗುತ್ತದೆ. ಭಾರ ಹಿಂದಿರುವ ಗಾಡಿ ಹಾವಿನ ಹಾಗೆ ಹರಿದಾಡುತ್ತದೆ. ಓದಲು ಬಾರದವನಿಗೂ ತಿಳಿಯುವಂಥ ಚಿತ್ರ. ನಡೆಯುವ ಎತ್ತಿಗೆ ಹಿಂಭಾರ ದಯೆ, ನೂರರ ವೇಗದಲ್ಲಿ ಓಡುವ ಕಾರಿಗೆ ಅದೇ ಮೃತ್ಯು.

ಯಾರೂ ನನ್ನನ್ನು ಕೇಳಲಿಲ್ಲ. ಗಾಡಿ ಉರುಳಿದಾಗ ಒಳಗಿನ ಸಾಮಾನೆಲ್ಲ ಚೆಲ್ಲಾಡಿತ್ತು, ಯಾವುದು ಎಲ್ಲಿತ್ತು ಅಂತ ಹೇಳುವಂತಿರಲಿಲ್ಲ. ಎಂಬತ್ತೊಂದು ವರ್ಷ, ಕೈ ನಡುಗಿರಬೇಕು ಅಂದರು ಕ್ಯಾಂಪಿನವರು. ಡಾಕ್ಟರೂ ಹಾಗೇ ಬರೆದರು. ಲೈಸೆನ್ಸು ಹೋಯಿತು. ಕೆನ್ ಅವರೂ ಹೌದು, ನನ್ನ ಕೈಯೇ ತಪ್ಪಿತು ಅಂದರಂತೆ. ಅವರ ಮಗಳು ಹೆಲೆನ್ ಬಂದು ಅವರನ್ನು ಪುಷ್ಪ ಕೆಲಸ ಮಾಡುವ ಮನೆಗೇ ಸೇರಿಸಿದಳು. ಅಪ್ಪನ ಬಟ್ಟೆ ಒಗೆದು ಮಡಚಿಟ್ಟಿದ್ದಕ್ಕೆ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

ನಾನು ಸುಮ್ಮನಿದ್ದೆ. ಕೆಲಸ ಹೋಗುತ್ತದೆ, ಪೊಲೀಸು ಬಂದರೆ ವೀಸಾಕ್ಕೆ ತೊಂದರೆ, ಪುಷ್ಪಳಿಗೂ ತೊಂದರೆ. ಗಂಡಸಿಯಲ್ಲಿರುವ ಅಣ್ಣನಿಗೆ ಮಾತ್ರ ಫೋನಿನಲ್ಲಿ ಹೇಳಿದೆ.

ಅವನು ಮೊದಲು ಕೇಳಿದ್ದು: "ಹಂಗಾದ್ರೆ ಅಪ್ಪ ಕಲಿಸಿದ್ದು ತಪ್ಪೇನ್ಲಾ?"

"ಅಪ್ಪಂದು ತಪ್ಪಲ್ಲ ಅಣ್ಣಯ್ಯ. ಕಾರಿಗೆ ಕತ್ತಿಲ್ಲ, ಅದನ್ನ ನಾನು ನೋಡ್ಲಿಲ್ಲ."

"ಯಾರೂ ಕೇಳಿಲ್ವಲ್ಲ. ಬಾಯಿ ಮುಚ್ಕೊಂಡಿರು. ಇಲ್ಲಾಂದ್ರೆ ಬಂದ್ಬುಡು. ವೆಲ್ಡಿಂಗ್ ಮೆಷಿನ್ನು ಇಲ್ಲೇ ಐತೆ."

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಪುಷ್ಪ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಾ ಅಂದಳು: "ಆ ಕೆನ್ ತಾತ ಚಮಚ ಹಿಡಿಯೋಕೂ ಹೆದರ್ತಾರೆ ಕಣ್ರೀ. ನಾನೇ ತಿನ್ನಿಸ್ಬೇಕು. ಕೈ ಚೆನ್ನಾಗೇ ಐತೆ, ನಡುಕ ಇಲ್ಲ ಗಿಡುಕ ಇಲ್ಲ. ಅದನ್ನೇ ನೋಡ್ಕೊಂಡು ಕೂತಿರ್ತಾರೆ. ಈ ಕೈನ ನಂಬಕ್ಕಾಗಲ್ಲ ಸಿಸ್ಟರ್ ಅಂತಾರೆ."

ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬಿಟ್ಟಿದ್ದ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡಳು.

"ನಡೀರಿ."

"ವೀಸಾ?"

"ಎರಡು ತಿಂಗಳು ಆ ಕೈಗೆ ಅನ್ನ ತಿನ್ನಿಸಿದೀನಿ ನಾನು. ನಡೀರಿ."

ಕೆನ್ ಕಿಟಕಿಯ ಬಳಿ ಕೂತಿದ್ದರು. ಹೆಲೆನ್ ಕೂಡ ಇದ್ದಳು. ಬಿಸ್ಕತ್ತಿನ ಟ್ರೇಯನ್ನು ಗಾಡಿ ಮಾಡಿ, ಬಿಸ್ಕತ್ತುಗಳನ್ನು ಹಿಂದಕ್ಕೆ ಸರಿಸಿ, ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಎತ್ತಿನ ಕತ್ತಿನ ವಿಷಯವನ್ನೂ ಹೇಳಿದೆ. ಕೆನ್ ಕಣ್ಣು ಮುಚ್ಚಿ ಕೇಳಿದರು.

"ನನ್ನ ಕಾರಿನ ಮೇಲೆ ಕನಿಕರ ಬಂತಾ ನಿನಗೆ?" ಅಂದರು. ನಗು ಬಂದು ಸೊಂಟ ಹಿಡಿದುಕೊಂಡರು. ನಗು ನಿಂತ ಮೇಲೆ ಎರಡೂ ಕೈ ಮುಂದೆ ಚಾಚಿ ಹಿಂದುಮುಂದು ತಿರುಗಿಸಿ ನೋಡಿದರು. "ಹಾಗಾದರೆ ಇವಲ್ಲ."

ಹೆಲೆನ್ ನಗಲಿಲ್ಲ. "ಕ್ಯಾರವಾನ್ ಗುಜರಿಗೆ ಹೋಯಿತು. ಕಾರು ಹೋದ ವಾರ ಮಾರಿದೆವು. ಮಾರು ಅಂತ ಇವರೇ ಸಹಿ ಹಾಕಿದರು, ಇನ್ನು ನನ್ನ ಕೈಲಾಗಲ್ಲ ಅಂತ. ನೀವು ಎರಡು ತಿಂಗಳು ಅದನ್ನ ನೋಡ್ತಾ ಇದ್ರಿ" ಅಂದಳು. ಇನ್ನು ಮೇಲೆ ದಯವಿಟ್ಟು ಇಲ್ಲಿಗೆ ಬರಬೇಡಿ ಅಂದಳು. ನಾನು ಕೈಮುಗಿದು ಎದ್ದು ಬಂದೆ.

ಮರುದಿನದಿಂದ ಕೆನ್ ತಾವೇ ಚಮಚ ಹಿಡಿದರು. ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಿದರು. ಸೊಂಟ ಸರಿಹೋಗಿರಲಿಲ್ಲ, ಅರ್ಜಿ ವಾಪಸು ಬಂತು. ನಾನು ಪೊಲೀಸರಿಗೆ ಬರೆದುಕೊಟ್ಟೆ, ಅವರು ತೆಗೆದುಕೊಂಡರು, ಮತ್ತೆ ಕರೆಯಲಿಲ್ಲ. ಕೆಲಸ ಹೋಗಲಿಲ್ಲ. ಯಾವುದಕ್ಕೆ ಹೆದರಿ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆನೋ ಅದು ಯಾವುದೂ ಆಗಲಿಲ್ಲ. ಇದನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ಈ ವರ್ಷ ರಜೆಗೆ ಊರಿಗೆ ಬಂದೆ. ಗಂಡಸಿಗೆ ಬಂದು ಐದನೇ ದಿನ ಬೆಳಿಗ್ಗೆ ಪುಷ್ಪಳ ಫೋನು. ಕೆನ್ ನಿದ್ದೆಯಲ್ಲೇ ಹೋದರು ಅಂದಳು. ಹಿಂದಿನ ದಿನ, ಹೆಲೆನ್ ಕಳಿಸಿದ ಸೂಪನ್ನು ಚೆಲ್ಲದೆ ಕುಡಿದರಂತೆ.

ಅಣ್ಣ ಕೊಟ್ಟಿಗೆ ಬಾಗಿಲಲ್ಲಿದ್ದ. ನನ್ನ ಮುಖ ನೋಡಿ ಹತ್ತಿರ ಬಂದ.

"ಯಾರ್ಲಾ?"

"ಕೆನ್ ಸಾರ್ ಹೋದ್ರಂತೆ."

"ಆವಯ್ಯನಾ." ತೊಟ್ಟಿಯ ಕಡೆ ನೋಡಿ ಕೇಳಿದ, "ನೀರು ಹುಯ್ಕೊತೀಯಾ?"

ನೆಂಟರು ಸತ್ತ ಸುದ್ದಿ ಕೇಳಿದರೆ ನಮ್ಮಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಕೆನ್ ನನಗೆ ನೆಂಟರಲ್ಲ. ಅವರ ಬಾಗಿಲಿಗೆ ಬರಬೇಡ ಅನ್ನಿಸಿಕೊಂಡವನು ನಾನು. ನೀರು ಹಾಕಿಕೊಳ್ಳಲು ನನಗೆ ಯಾವ ಹಕ್ಕಿದೆ ಅಂತ ಯೋಚಿಸುತ್ತಾ ನಿಂತೆ. ಅಲ್ಲಿದ್ದಿದ್ದರೆ ಕೋಟು ಹಾಕಿಕೊಂಡು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುವುದಕ್ಕೂ ನಾನು ಹೆಲೆನ್ ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಅಣ್ಣ ತೊಟ್ಟಿಯಿಂದ ಬಿಂದಿಗೆ ತುಂಬಿ ತಂದಿದ್ದ. ಶರ್ಟೂ ಬಿಚ್ಚದೆ ಬಗ್ಗಿದೆ. ಅವನೇ ಹುಯ್ದ. ಅತ್ತಿಗೆ ಬಾಗಿಲಿಂದ ನೋಡಿ ಏನೂ ಕೇಳದೆ ಒಲೆಯ ಮೇಲಿದ್ದ ಹಾಲನ್ನು ಇಳಿಸಿದಳು.

"ಎಷ್ಟು ದಿನ ಹಿಡೀತೀಯಾ ಸೂತಕ?" ಅಂದ ಅಣ್ಣ. "ಮೂರು ದಿನಾನಾ, ಹನ್ನೊಂದು ದಿನಾನಾ?"

ದಾಯಾದಿಗೆ ಇಷ್ಟು, ದೂರದ ನೆಂಟರಿಗೆ ಇಷ್ಟು ಅಂತ ನಮ್ಮೂರಲ್ಲಿ ಕೇಳಿದರೆ ಹೇಳುವವರಿದ್ದಾರೆ. ಅಂಥ ಲೆಕ್ಕವೇ ಇಲ್ಲ ಅಂತ ಹೇಳುವವರು ಆಸ್ಟ್ರೇಲಿಯಾದ ಆ ಊರಲ್ಲಿದ್ದಾರೆ. ಕೆನ್ ಅವರಿಗೆ ನಾನು ಎಷ್ಟು ದಿನ ಹಿಡಿಯಬೇಕು ಅಂತ ಹೇಳುವವರು ಎರಡು ಕಡೆಯೂ ಇಲ್ಲ.

"ಗೊತ್ತಿಲ್ಲ ಅಣ್ಣಯ್ಯ" ಅಂದೆ. ಅವನು ಇನ್ನೊಂದು ಬಿಂದಿಗೆ ತರಲು ಹೋದ.