ಇನ್ನೊಂದು ಪಾರ್ಟಿ ಇದೆ

ಪುಸ್ತಕಕ್ಕೂ ಬ್ರೋಕರ್ ಇರುತ್ತಾರೆ ಎಂದು ಅಕ್ಕನಿಂದ ಗೊತ್ತಾದಾಗ ಬಾಯಲ್ಲಿದ್ದ ಇಡ್ಲಿ ನುಂಗುವುದನ್ನೇ ಮರೆತು "ಬ್ರೋಕರಾ?" ಅಂದೆ.

"ಬ್ರೋಕರ್ ಅಲ್ಲ ಕಣೋ, ಏಜೆಂಟು."

"ನಮ್ಮನ್ನೂ ಈಗ ಬ್ರೋಕರ್ ಅನ್ನಲ್ಲ ಅಕ್ಕ. ಬೋರ್ಡಲ್ಲಿ ಕನ್ಸಲ್ಟೆಂಟ್ ಅಂತ ಬರೆಸಿದ್ದೀನಿ, ನೋಡಿಲ್ವಾ?"

ನಾನು ಯಲಹಂಕದಲ್ಲಿ ಸೈಟು, ಬಾಡಿಗೆ ಮನೆ ತೋರಿಸುವವನು. ಬಾಗಲೂರು ರಸ್ತೆಯಲ್ಲಿ ಒಂದು ಶಟರ್ ಇದೆ, ಅದೇ ನನ್ನ ಆಫೀಸು. ಓದಿದ್ದು ಎಂಟನೇ ಕ್ಲಾಸಿನವರೆಗೆ. ಅಕ್ಕ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಮದುವೆ ಬೇಡವೆಂದು ನಮ್ಮ ಮನೆಯ ಮೇಲಿನ ರೂಮಿನಲ್ಲೇ ಉಳಿದಳು. ಆ ರೂಮಿನಲ್ಲಿ ಕೂತು ಒಂದು ಕಾದಂಬರಿ ಬರೆದಳು. ನಮ್ಮಮ್ಮ ಹೆಸರಘಟ್ಟದ ಕಡೆ ಎಮ್ಮೆ ಕಟ್ಟಿಕೊಂಡು, ಯಶವಂತಪುರದ ಮನೆಮನೆಗೆ ಹಾಲು ಮೊಸರು ಹಾಕಿ ನಮ್ಮಿಬ್ಬರನ್ನು ಸಾಕಿದವಳು. ಕಾದಂಬರಿಯಲ್ಲಿ ಇರುವುದು ಅವಳ ಕಥೆಯೇ ಎಂದು ಅಕ್ಕ ಹೇಳಿದ್ದಳು.

ಒಬ್ಬ ಸಣ್ಣ ಪ್ರಕಾಶಕರು ಅದನ್ನು ಅಚ್ಚು ಮಾಡಿದರು. ಮೊದಲ ಪ್ರತಿಯನ್ನು ಅಕ್ಕ ನನಗೇ ತಂದುಕೊಟ್ಟಳು. ಅದನ್ನು ಆಫೀಸಿನ ಟೇಬಲ್ ಮೇಲೆ, ಖಾತಾ ಜೆರಾಕ್ಸ್‌ಗಳು ಫ್ಯಾನಿಗೆ ಹಾರದಂತೆ ಅವುಗಳ ಮೇಲೆ ಇಟ್ಟೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. "ನಮ್ಮಕ್ಕ ಬರ್ದಿದ್ದು ಸರ್." ಕೆಲವರು ಹಿಂದೆಮುಂದೆ ತಿರುಗಿಸಿ ನೋಡಿ ಮತ್ತೆ ಜೆರಾಕ್ಸ್ ಮೇಲೆ ಇಡುತ್ತಿದ್ದರು.

ಅಕ್ಕನ ಶಾಲೆಯ ಇಂಗ್ಲಿಷ್ ಟೀಚರ್ ಒಬ್ಬರು ಅದನ್ನು ಓದಿ, ತಾವಾಗಿಯೇ ಇಂಗ್ಲಿಷಿಗೆ ಮಾಡಿದರು. ಏಜೆಂಟ್ ವಿಷಯ ಬಂದದ್ದು ಆಗ. ಇಂಗ್ಲಿಷ್ ಪುಸ್ತಕ ಮಾಡುವ ದೊಡ್ಡ ಕಂಪನಿಗಳು ನೇರ ಹೋದರೆ ಬಾಗಿಲು ತೆಗೆಯುವುದಿಲ್ಲವಂತೆ. ನಡುವೆ ಒಬ್ಬರು ಬೇಕು. ಅವರು ಪುಸ್ತಕ ಓದಿ, ಒಪ್ಪಿ, ಬರೆದವರ ಪರವಾಗಿ ಮಾತಾಡುತ್ತಾರೆ. ಅಕ್ಕ ಹಲವರಿಗೆ ಮೇಲ್ ಹಾಕಿದಳು. ಉತ್ತರ ಬಂದದ್ದು ಇಬ್ಬರಿಂದ. ಆರ್.ಟಿ. ನಗರದ ಒಬ್ಬ ಮೇಡಂ ಪೂರ್ತಿ ಪುಸ್ತಕ ಕಳಿಸಿ, ಓದಲು ಸಮಯ ಬೇಕು ಎಂದರು. ಹೆಬ್ಬಾಳದ ಒಬ್ಬ ಸಾಹೇಬರು ನಾಳೆಯೇ ಬನ್ನಿ ಎಂದರು.

"ನೀನೂ ಬಾರೋ, ಜನ ನೋಡಿದ ತಕ್ಷಣ ನಿಂಗೆ ಗೊತ್ತಾಗುತ್ತಲ್ಲ," ಅಂದಳು ಅಕ್ಕ. ನನಗೆ ಎಷ್ಟು ಖುಷಿಯಾಯಿತೆಂದರೆ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಹೆಬ್ಬಾಳದ ಆಫೀಸು ಗಾಜಿನ ಕಟ್ಟಡದಲ್ಲಿತ್ತು. ಎಸಿ, ಕಾಫಿ ಮೆಷಿನ್, ಗೋಡೆ ತುಂಬ ಪುಸ್ತಕದ ಫೋಟೋ. ಸಾಹೇಬರು ಎದ್ದು ನಿಂತು ಕೈ ಮುಗಿದರು. ಅದ್ಭುತ ಕೃತಿ ಮೇಡಂ, ಮಣ್ಣಿನ ವಾಸನೆ, ತಾಯಿಯ ಕಣ್ಣೀರು ಎಂದೆಲ್ಲ ಹೇಳಿದರು. ಒಪ್ಪಂದದ ಕಾಗದ ಮುಂದೆಯೇ ಇತ್ತು. ಅಕ್ಕ ಕಾಫಿ ಮುಟ್ಟದೆ ಕೇಳಿದಳು:

"ಸರ್, ಎಮ್ಮೆ ಹೆಸರೇನು?"

"ಯಾವ ಎಮ್ಮೆ ಮೇಡಂ?"

"ಪುಸ್ತಕದ ಎಮ್ಮೆ."

ಅವರು ನಕ್ಕರು. ಅಕ್ಕನೂ ನಕ್ಕು, ಎದ್ದೇಬಿಟ್ಟಳು. ನನಗೆ ನಾಚಿಕೆಯಾಗಿ ನೆಲಕ್ಕಿಳಿದು ಹೋದ ಹಾಗಾಯಿತು. ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ, ಬೈಕಿನ ಹಿಂದೆ ಕೂತವಳಿಗೆ ಕೇಳಿಸುವಂತೆ ಕಿರುಚಿದೆ.

"ಅಷ್ಟು ದೊಡ್ಡ ಆಫೀಸ್ ಅಕ್ಕ! ಎಮ್ಮೆ ಹೆಸರು ಗೊತ್ತಿಲ್ಲ ಅಂತ ಬಿಟ್ಟು ಬರ್ತಾರಾ?"

"ಅವ್ರು ಓದೇ ಇಲ್ಲ ಕಣೋ."

"ಮನೆ ಮಾರಬೇಕಾದ್ರೆ ಆ ಮನೇಲಿ ನಾನು ಮಲಗಿ ಏಳ್ಬೇಕಾ?"

ಅಕ್ಕ ಆರ್.ಟಿ. ನಗರದ ಮೇಡಂಗೆ ಕಾಯುತ್ತೇನೆ ಎಂದಳು, ಮನೆ ಮುಟ್ಟಿದ ಮೇಲೆ. ಅಂದರೆ ಅವಳ ಆಯ್ಕೆ ಅವತ್ತೇ ಮುಗಿದಿತ್ತು. ಇದನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಶಾಲೆಯಲ್ಲಿ ಟೀಚರುಗಳು ಫೋನ್ ತೆಗೆಯುವಂತಿಲ್ಲ. ಹಾಗಾಗಿ ಅಕ್ಕ ಎರಡನೇ ನಂಬರ್ ಎಂದು ನನ್ನದನ್ನು ಕೊಟ್ಟಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ನಾನು ಕೊಳ್ಳಲು ಬಂದ ಪಾರ್ಟಿಗೆ ಸೈಟ್ ತೋರಿಸುತ್ತಿದ್ದಾಗ ಫೋನ್ ಬಂತು. ಆ ಮೇಡಮ್ಮೇ. ಅಕ್ಕ ಕ್ಲಾಸಲ್ಲಿದ್ದಾಳೆ, ನಾನು ತಮ್ಮ, ಏನಿದ್ದರೂ ಹೇಳಿ ಎಂದೆ.

"ಪುಸ್ತಕ ಪೂರ್ತಿ ಓದಿದೆ, ಎರಡು ಸಲ. ನಾನು ಇದನ್ನ ತಗೋಬೇಕು ಅಂತಿದೀನಿ. ಆದ್ರೆ ಕೊನೆಯ ಎರಡು ಅಧ್ಯಾಯ ಅವಸರದಲ್ಲಿ ಮುಗಿದುಬಿಟ್ಟಿದೆ. ತಾಯಿ ಅಷ್ಟು ಬೇಗ ಎಲ್ಲರನ್ನೂ ಕ್ಷಮಿಸೋದು ನಂಗೆ ಒಪ್ಪಿಗೆ ಆಗ್ಲಿಲ್ಲ. ಅದನ್ನ ಅವ್ರು ಮತ್ತೆ ಬರೀಬೇಕಾಗುತ್ತೆ. ಮಧ್ಯದಲ್ಲಿ ಆ ತಮ್ಮ ಬರ್ತಾನಲ್ಲ, ಅದಂತೂ..."

ನಾನು ಅಷ್ಟಕ್ಕೇ ತಡೆದೆ. ನಮ್ಮ ಕಸುಬಿನಲ್ಲಿ ತಪ್ಪು ತೋರಿಸುವವನೇ ಕೊಳ್ಳುವವನು. ಸೈಟು ಹಿಡಿಸಿದವನು ಮೊದಲು ಮೋರಿ ತೋರಿಸುತ್ತಾನೆ, ಆಮೇಲೆ ವಾಸ್ತು ಎನ್ನುತ್ತಾನೆ, ಆಮೇಲೆ ರೇಟಿಗೆ ಬರುತ್ತಾನೆ. ಆಗ ನಾವು ಹೇಳುವ ಮಾತು ಒಂದೇ. ಅದು ಸುಳ್ಳೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆದರೂ ಹೇಳಲೇಬೇಕು, ಊಟಕ್ಕೆ ಕೂತವರಿಗೆ ಇನ್ನೊಂದು ಸ್ವಲ್ಪ ಹಾಕ್ಲಾ ಎಂದು ಕೇಳಿದ ಹಾಗೆ.

"ಮೇಡಂ, ಇನ್ನೊಂದು ಪಾರ್ಟಿ ಇದೆ," ಅಂದೆ. "ಹೆಚ್ಚು ಕಮ್ಮಿ ಫೈನಲ್ ಆದಂಗೆ. ಅವ್ರು ಏನೂ ಚೇಂಜ್ ಕೇಳ್ತಿಲ್ಲ. ನೀವೊಂಚೂರು ಯೋಚ್ನೆ ಮಾಡಿ ಹೇಳಿ."

"ಓ, ಹೌದಾ? ಒಳ್ಳೇದಾಯ್ತು. ಪುಸ್ತಕಕ್ಕೆ ಒಬ್ರು ಸಿಕ್ಕಿದ್ರಲ್ಲ, ಅದು ಮುಖ್ಯ. ಅವ್ರ ಮಧ್ಯೆ ನಾನು ಬರೋದು ಸರಿಯಲ್ಲ. ನಿಮ್ಮಕ್ಕಂಗೆ ನನ್ನ ಅಭಿನಂದನೆ ತಿಳ್ಸಿ," ಎಂದು ಫೋನ್ ಇಟ್ಟರು.

ಬಿಸಿಲಲ್ಲಿ, ಕಲ್ಲು ನೆಟ್ಟ ಸೈಟಿನ ನಡುವೆ, ಫೋನ್ ಕಿವಿಯಲ್ಲೇ ಹಿಡಿದು ನಿಂತೆ. ಇಷ್ಟು ವರ್ಷ ಎಷ್ಟು ಸಲ ಆ ಮಾತು ಹೇಳಿದ್ದೇನೋ ಲೆಕ್ಕವಿಲ್ಲ. ಬೈದವರಿದ್ದಾರೆ, ನಕ್ಕವರಿದ್ದಾರೆ, 'ಹಂಗಾದ್ರೆ ಅವ್ರಿಗೇ ಕೊಟ್ಕೊಳ್ಳಿ' ಎಂದು ಕಾರು ಹತ್ತಿ, ಮುಂದಿನ ತಿರುವಿನಿಂದ ಫೋನ್ ಮಾಡಿದವರಿದ್ದಾರೆ. ನಂಬಿದವರು ಯಾರೂ ಇರಲಿಲ್ಲ. ಅಭಿನಂದನೆ ಹೇಳಿದವರಂತೂ ಇಲ್ಲವೇ ಇಲ್ಲ.

ಪಕ್ಕದ ಶಟರಿನಲ್ಲಿ ನನ್ನ ಹಾಗೇ ಬ್ರೋಕರ್ ಕೆಲಸ ಮಾಡುವ ಗೆಳೆಯನಿಗೆ ಹೇಳಿದೆ. "ಸಂಜೆ ಒಳಗೆ ಫೋನ್ ಬರುತ್ತೆ ಬಿಡು ಗುರು. ಎಲ್ಲಿಗ್ ಹೋಗ್ತಾರೆ?" ಎಂದ. ಸಂಜೆ ಬರಲಿಲ್ಲ. ಆ ವಾರ ಬರಲಿಲ್ಲ. ಆಗಲೇ ನಾನು ತಿರುಗಿ ಫೋನ್ ಮಾಡಬಹುದಿತ್ತು. ನಾವಾಗಿ ಫೋನ್ ಮಾಡಿದರೆ ಬಿದ್ದು ಹೋದೆವು ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಅಕ್ಕ ದಿನಾ ಶಾಲೆಯಿಂದ ಬಂದವಳೇ ಮೇಲ್ ನೋಡುತ್ತಿದ್ದಳು. ಮೊದಮೊದಲು ನೋಡಿ ಟೀ ಕುಡಿಯುತ್ತಿದ್ದಳು. ಆಮೇಲೆ ಟೀ ಆರುವವರೆಗೂ ನೋಡುತ್ತಿದ್ದಳು. "ಒಂದು ಫೋನ್ ಮಾಡಿ ಕೇಳು," ಎಂದಳು ನನ್ನ ಹೆಂಡತಿ. "ಹಿಂದೆ ಬಿದ್ದು ಕೇಳೋದು ನನ್ನ ಕೈಲಾಗಲ್ಲ. ಇಷ್ಟ ಆಗಿದ್ರೆ ಅವ್ರೇ ಹೇಳ್ತಿದ್ರು. ಇಷ್ಟ ಆಗ್ಲಿಲ್ಲ ಅಂತಾನಾದ್ರೂ ಹೇಳ್ಬೋದಿತ್ತು," ಎಂದಳು ಅಕ್ಕ. ನಾನು ಅಲ್ಲೇ ಕೂತು ಹುಳಿಯಲ್ಲಿ ಮುದ್ದೆ ಅದ್ದುತ್ತಿದ್ದೆ.

ಕೊನೆಗೆ ಒಂದು ಶನಿವಾರ ಅವಳೇ ನನ್ನ ಆಫೀಸಿಗೆ ಬಂದು, "ಹೆಬ್ಬಾಳಕ್ಕೆ ಹೋಗೋಣ. ಸೈನ್ ಮಾಡ್ತೀನಿ," ಎಂದಳು.

"ಅವ್ರು ಓದಿಲ್ಲ ಅಂದಿದ್ಯಲ್ಲ?"

"ಓದಿದವ್ರಿಗೆ ಬೇಡವಾಯ್ತಲ್ಲ."

ಗಾಜಿನ ಕಟ್ಟಡದ ಪಾರ್ಕಿಂಗಿನಲ್ಲಿ ಬೈಕ್ ಸ್ಟ್ಯಾಂಡ್ ಹಾಕಿದೆ. ಅಕ್ಕ ಕೂದಲು ಸರಿ ಮಾಡಿಕೊಂಡು ಲಿಫ್ಟಿನ ಕಡೆ ನಡೆದಳು. ಅವಳು ಬಟನ್ ಒತ್ತಿದಾಗ ನನ್ನ ಬಾಯಿಂದ ಬಂತು: "ಅಕ್ಕ, ಆ ಆರ್.ಟಿ. ನಗರದ ಮೇಡಂ ಫೋನ್ ಮಾಡಿದ್ರು."

ಲಿಫ್ಟ್ ಬಂತು. ಬಾಗಿಲು ತೆರೆದು, ಮುಚ್ಚಿ, ಹೋಯಿತು. ನಾನು ಪೂರ್ತಿ ಹೇಳಿದೆ. ಕಪಾಳಕ್ಕೆ ಹೊಡೆಯುತ್ತಾಳೆಂದು ಕಾದೆ. ಅವಳ ಮುಖದಲ್ಲಿ ಕೋಪಕ್ಕೂ ಜಾಗ ಇರಲಿಲ್ಲ. ಕಳ್ಳರು ಮನೆಗೆ ನುಗ್ಗಿ ಹೋದ ಮೇಲೆ ಬಾಗಿಲಲ್ಲಿ ನಿಂತು ಒಳಗೆ ನೋಡುವವರ ಹಾಗೆ ನನ್ನನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ.

"ಪುಸ್ತಕದ ಬಗ್ಗೆ ಏನಂದ್ರು? ಒಂದು ಮಾತೂ ಬಿಡದೆ ಹೇಳು."

ರೇಟ್ ಇಳಿಸುವ ಮಾತೆಂದು ಅರ್ಧ ಕಿವಿಯಲ್ಲಿ ಕೇಳಿದ್ದನ್ನು ನೆನಪಿಸಿಕೊಂಡು ಹೇಳಿದೆ. ಎರಡು ಸಲ ಓದಿದ್ದು, ಕೊನೆಯ ಎರಡು ಅಧ್ಯಾಯ, ತಾಯಿಯ ಕ್ಷಮೆ. ಅಕ್ಕ ಮೆಟ್ಟಿಲ ಮೇಲೆ ಕೂತು ಕೇಳಿದಳು. "ಅದು ನಂಗೂ ಗೊತ್ತಿತ್ತು," ಎಂದಳು ಮೆಲ್ಲಗೆ. "ಸುಸ್ತಾಗಿ ಮುಗಿಸಿಬಿಟ್ಟೆ. ಒಬ್ರಿಗಾದ್ರೂ ಗೊತ್ತಾಯ್ತಲ್ಲ." ಆಮೇಲೆ ನನ್ನ ಫೋನ್ ತೋರಿಸಿ, "ನೀನೇ ಮಾಡು. ಸ್ಪೀಕರ್ ಹಾಕು," ಎಂದಳು.

ಮೇಡಂ ಫೋನ್ ಎತ್ತಿದರು.

"ಮೇಡಂ, ಅವತ್ತು ಇನ್ನೊಂದು ಪಾರ್ಟಿ ಇದೆ ಅಂದ್ನಲ್ಲ. ಇರ್ಲಿಲ್ಲ. ಇದ್ದ ಒಬ್ರನ್ನ ಅಕ್ಕ ಮೊದ್ಲೇ ಬೇಡ ಅಂದಿದ್ಲು. ನಾನು ಸೈಟ್ ಬ್ರೋಕರು. ಬಾಯಿ ಅಭ್ಯಾಸ. ಅಕ್ಕಂಗೆ ಇವತ್ತೇ ಹೇಳಿದ್ದು."

"ನಾನು ಆ ಪುಸ್ತಕ ಕೈ ತಪ್ಪಿತು ಅಂತ ಎಷ್ಟು ಬೇಜಾರು ಮಾಡ್ಕೊಂಡೆ ಗೊತ್ತಾ ನಿಮ್ಗೆ? ಈಗ ಬೇರೆ ಪುಸ್ತಕದ ಕೆಲಸ ಒಪ್ಪಿಕೊಂಡಿದೀನಿ." ನಿಲ್ಲಿಸಿ, ಮತ್ತೆ ಕೇಳಿದರು: "ಒಂದ್ನಿಮಿಷ. ಪುಸ್ತಕದಲ್ಲಿ ಬರೋ ಆ ತಮ್ಮ ನೀವೇನಾ?"

"ಗೊತ್ತಿಲ್ಲ ಮೇಡಂ," ಅಂದೆ. "ನಾನು ಓದಿಲ್ಲ."

ಹೇಳಿದ ಮೇಲೆ, ಅದು ಏನು ಮಾತು ಎಂದು ಗೊತ್ತಾಯಿತು. ಅಕ್ಕ ಮೆಟ್ಟಿಲಿಂದ ಎದ್ದಳು. ಸುಳ್ಳು ಹೇಳಿದೆ ಎಂದಾಗ ಕೂತಿದ್ದವಳು ಇದಕ್ಕೆ ಎದ್ದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಸ್ಪೀಕರ್ ಆರಿಸಿ, ಪಾರ್ಕಿಂಗಿನ ಇನ್ನೊಂದು ತುದಿಗೆ ಹೋಗಿ ಮಾತಾಡಿದಳು. ಕಂಬಕ್ಕೆ ಒರಗಿ ನಿಂತಿದ್ದ ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ತಿರುಗಿ ಬಂದು ಫೋನ್ ಕೊಟ್ಟಳು.

"ಎರಡು ಅಧ್ಯಾಯ ಬರೆದು ಕಳ್ಸಿ, ಓದ್ತೀನಿ, ಆದ್ರೆ ಏನೂ ಮಾತು ಕೊಡಲ್ಲ ಅಂದ್ರು. ನಿನ್ನ ನಂಬರ್ ತೆಗೆಸ್ದೆ." ಆಮೇಲೆ ಬೈಕ್ ಹತ್ತಲಿಲ್ಲ. ಬಸ್ಸಿನಲ್ಲಿ ಬರ್ತೀನಿ ಎಂದು ನಡೆದು ಹೋದಳು.

ಅವಳು ಈಗ ಬರೆಯುತ್ತಿದ್ದಾಳೆ. ಮೇಲಿನ ರೂಮಿನ ಬಾಗಿಲು ಹಾಕಿರುತ್ತದೆ. ಮನೆಯಲ್ಲಿ ನನ್ನ ಹತ್ತಿರ ಮಾತಾಡುತ್ತಾಳೆ, ಗ್ಯಾಸ್ ಬುಕ್ ಮಾಡಿದ್ಯಾ, ನಲ್ಲಿ ಸೋರ್ತಿದೆ, ಇಷ್ಟೇ. ಪುಸ್ತಕದ ಮಾತಿಲ್ಲ. ಕಳಿಸಿದ ಮೇಲೆ ಅವರು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಾಗುವುದು ಕೊನೆಗೇ ಇರಬೇಕು.

ಜೆರಾಕ್ಸ್ ಮೇಲಿದ್ದ ಪ್ರತಿಯನ್ನು ಎತ್ತಿಕೊಂಡೆ. ರಟ್ಟಿನ ಮೇಲೆ ಟೀ ಲೋಟದ ಗುಂಡು ಗುರುತುಗಳಿದ್ದವು. ಒರೆಸಿದೆ, ಹೋಗಲಿಲ್ಲ. ಗಿರಾಕಿ ಇಲ್ಲದಾಗ ಶಟರ್ ಅರ್ಧ ಎಳೆದು ಓದುತ್ತೇನೆ. ನನಗೆ ಓದು ನಿಧಾನ, ಸಾಲಿನ ಕೆಳಗೆ ಬೆರಳು ಇಡಬೇಕು. ಆ ತಮ್ಮ ಬಂದಿದ್ದಾನೆ. ಹಾಲಿನ ಕ್ಯಾನ್ ಹೊತ್ತು ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿಯುತ್ತಾನೆ. ಅಕ್ಕನ ಕೈಗೆ ಭಾರ ಕೊಡುವುದಿಲ್ಲ, ನಿನ್ನ ಕೈ ಬರೆಯೋ ಕೈ ಎನ್ನುತ್ತಾನೆ. ಹಾಗೆ ನಾನು ಹೇಳಿದ್ದು ನನಗೇ ಮರೆತು ಹೋಗಿತ್ತು. ಆ ಪುಟದ ಮೇಲೆ ಬೆರಳಿಟ್ಟುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ಹೊರಗೆ ಯಾರೋ ಬಾಡಿಗೆ ಮನೆ ಕೇಳಿಕೊಂಡು ಬಂದು, ಕರೆದು, ಹೋದರು.

ಎಮ್ಮೆಯ ಹೆಸರು ಅದಕ್ಕೂ ಮೊದಲೇ ಬರುತ್ತದೆ, ಎರಡನೇ ಪುಟದಲ್ಲಿ. ನಮ್ಮ ಎಮ್ಮೆಯ ನಿಜವಾದ ಹೆಸರೇ. ದಿನಾ ಊಟಕ್ಕೆ ಕೂತಾಗ ಅದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತೇನೆ. ಅಕ್ಕ ಇನ್ನೂ ಕೇಳಿಲ್ಲ.